ಲಾರಿ ‘ಇಲೆವೆಂತ್ ಅವರ್’ಗೆ ಬರುತ್ತೆ ಅಂದ್ರೆ ಪಾರ್ಟಿ ಯಾಕೆ ಸಿಟ್ಟಾದರು?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಕಾರಟಗಿ ಕಡೆಯ ಒಂದು ರೈಸ್ ಮಿಲ್‌ನಲ್ಲಿ ಡಿಸ್ಪ್ಯಾಚ್ ನೋಡಿಕೊಳ್ಳುತ್ತೇನೆ. ಓದಿದ್ದು ಬಿಕಾಂ, ಕನ್ನಡ ಮೀಡಿಯಂ. ನಮ್ಮ ಮಾಲೀಕರಿಗೆ ಇಂಗ್ಲಿಷ್ ಅಷ್ಟಾಗಿ ಬರಲ್ಲ, ಹಾಗಾಗಿ ಹೊರಗಿನ ಪಾರ್ಟಿಗಳಿಗೆ ಮೇಲ್, ವಾಟ್ಸಾಪ್ ಎಲ್ಲ ನಾನೇ ಬರೆಯೋದು. ಹೋದ ತಿಂಗಳು ಚೆನ್ನೈನ ಒಂದು ಪಾರ್ಟಿಗೆ ಸೋನಾ ಮಸೂರಿ ಲೋಡ್ ಹೋಗಬೇಕಿತ್ತು. ಯಾವಾಗ ತಲುಪುತ್ತೆ ಅಂತ ಕೇಳಿದರು. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ತಲುಪುವ ಲೆಕ್ಕ ಇತ್ತು. ನಾನು ‘ದ ಲಾರಿ ವಿಲ್ ರೀಚ್ ಯು ಅಟ್ ಇಲೆವೆಂತ್ ಅವರ್ ಆನ್ ಥರ್ಸ್‌ಡೇ, ಡೋಂಟ್ ವರಿ ಸರ್’ ಅಂತ ಬರೆದೆ. ಸ್ವಲ್ಪ ಹೊತ್ತಿಗೇ ಫೋನ್ ಬಂತು. ಶುಕ್ರವಾರ ಅವರ ಹೊಸ ಅಂಗಡಿ ಓಪನಿಂಗ್ ಅಂತೆ, ಕೊನೇ ಗಳಿಗೆಗೆ ಮಾಲು ಕೊಡ್ತೀನಿ ಅಂತ ಬರೆದೇ ಕೊಡ್ತಿದ್ದೀರಲ್ಲ ಅಂತ ಜೋರು ಮಾಡಿದರು. ಲಾರಿ ಹನ್ನೊಂದಕ್ಕೇ ಹೋಗಿ ನಿಂತಿತು. ಆದರೂ ಅವರಿಂದ ಮುಂದಿನ ಆರ್ಡರ್ ಇನ್ನೂ ಬಂದಿಲ್ಲ. ಈಗ ಮಿಲ್‌ನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅಕೌಂಟೆಂಟ್ ಹೇಳೋ ಪ್ರಕಾರ ಅದು ರಾತ್ರಿ ಹನ್ನೊಂದು ಗಂಟೆ, ಹನ್ನೆರಡಾದರೆ ದಿನ ಮುಗೀತಲ್ಲ, ಅದಕ್ಕೆ. ಮಿಲಿಟರಿಯಲ್ಲಿದ್ದ ನಮ್ಮ ಭಾವ, ಅದು ಮೊದಲನೇ ಮಹಾಯುದ್ಧದ ಮಾತು ಅಂತಾರೆ. ಬ್ಯಾಂಕ್ ಪರೀಕ್ಷೆಗೆ ಓದ್ತಿರೋ ತಂಗಿ, ‘ಇನ್ ದ ನಿಕ್ ಆಫ್ ಟೈಮ್’ ಅಂದರೂ ಅದೇ ಅರ್ಥ ಅಂತಾಳೆ. ಯಾವುದು ಸರಿ? ಇಂಥ ಮಾತುಗಳನ್ನು ಮೇಲ್‌ನಲ್ಲಿ ಬಳಸಬೇಕಾ, ಬಿಡಬೇಕಾ? ಆ ಪಾರ್ಟಿಗೆ ಈಗ ಏನಂತ ಬರೆಯಲಿ?

ಉತ್ತರ: ಮೊದಲಿಗೆ ಒಂದು ವಿಷಯ. ನಿಮ್ಮ ಇಂಗ್ಲಿಷ್ ಕೆಟ್ಟದಾಗಿದೆ ಅಂತ ಆ ಪಾರ್ಟಿ ಸಿಟ್ಟಾಗಿಲ್ಲ. ಉಲ್ಟಾ, ಚೆನ್ನಾಗಿ ಬರೆದಿದ್ದಕ್ಕೇ ತೊಂದರೆ ಆಗಿದೆ. ವಾಕ್ಯ ಅಡ್ಡಾದಿಡ್ಡಿ ಇದ್ದಿದ್ದರೆ, ಪಾಪ ಹನ್ನೊಂದು ಗಂಟೆ ಅಂತ ಹೇಳೋಕೆ ಹೊರಟಿದ್ದಾರೆ ಅಂತ ಅವರೇ ಊಹೆ ಮಾಡಿಕೊಳ್ಳುತ್ತಿದ್ದರು. ವಾಕ್ಯ ನೆಟ್ಟಗಿತ್ತು. ಹಾಗಾಗಿ ಅದರಲ್ಲಿರುವ ಮಾತನ್ನು ಇಂಗ್ಲಿಷ್ ಬಲ್ಲವರು ಹೇಗೆ ತಗೊಳ್ಳುತ್ತಾರೋ ಹಾಗೇ ತಗೊಂಡರು. ಮೇಲಾಗಿ ‘ಡೋಂಟ್ ವರಿ’ ಬೇರೆ ಸೇರಿಸಿದ್ದೀರಿ. ಕೊನೇ ಗಳಿಗೆಗೆ ಕಳಿಸ್ತೀನಿ, ತಲೆ ಕೆಡಿಸಿಕೊಳ್ಳಬೇಡಿ ಅಂತ ಯಾರಾದರೂ ನಿಮಗೇ ಬರೆದರೆ, ಅದೂ ಅಂಗಡಿ ಓಪನಿಂಗ್ ಹಿಂದಿನ ದಿನದ ಬಗ್ಗೆ, ನಿಮಗೆ ಹೇಗಾಗುತ್ತಿತ್ತು?

ನಿಮ್ಮ ಪತ್ರದಲ್ಲಿ ಎರಡು ಚಿಂತೆ ಇವೆ. ಮಾತಿನ ಅರ್ಥ ಏನು ಅನ್ನೋದು ಒಂದು. ಕೈಬಿಟ್ಟು ಹೋದ ಹಾಗಿರುವ ಗಿರಾಕಿಯನ್ನು ಹೇಗೆ ಮಾತಾಡಿಸೋದು ಅನ್ನೋದು ಇನ್ನೊಂದು. ಅರ್ಥದಿಂದಲೇ ಶುರು ಮಾಡೋಣ, ಅದು ಸರಿಯಾದರೆ ಎರಡನೆಯದು ಅರ್ಧ ಸರಿಹೋಗುತ್ತೆ.

ಒಂದು ಕೆಲಸಕ್ಕೆ ಗಡುವು ಇದೆ ಅಂದುಕೊಳ್ಳಿ. ಆ ಗಡುವು ಮುಗಿಯೋಕೆ ಇನ್ನು ಚೂರೇ ಚೂರು ಹೊತ್ತಿದೆ. ಆ ಚೂರು ಹೊತ್ತೇ ಇಲೆವೆಂತ್ ಅವರ್. ಗಡುವು ಇವತ್ತಿನ ಸಂಜೆಗಿರಬಹುದು, ತಿಂಗಳ ಕೊನೆಗಿರಬಹುದು, ಮಾರ್ಚ್ 31ಕ್ಕಿರಬಹುದು. ಗಡಿಯಾರದ ಮುಳ್ಳು ಎಲ್ಲಿದೆ ಅನ್ನೋದಕ್ಕೂ ಇದಕ್ಕೂ ಸಂಬಂಧ ಇಲ್ಲ. ನಮ್ಮ ಕಡೆ ಎಲ್ಲರಿಗೂ ಗೊತ್ತಿರೋ ಉದಾಹರಣೆ ಬೇಕಂದ್ರೆ ಚುನಾವಣೆ ನೋಡಿ. ನಾಮಪತ್ರ ತಗೊಳ್ಳೋದು ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರ ತನಕ. ಕೊನೇ ದಿನ ಎರಡೂವರೆ ಆದರೂ ಬಿ ಫಾರಂ ಪತ್ತೆ ಇಲ್ಲ, ಅಭ್ಯರ್ಥಿ ಹಾರ ಹಾಕಿಕೊಂಡು ಚುನಾವಣಾಧಿಕಾರಿ ಆಫೀಸಿನ ಮುಂದೆ ನಿಂತಿದ್ದಾರೆ, ಅಷ್ಟರಲ್ಲಿ ಯಾರೋ ಕಾರಿನಿಂದ ಇಳಿದು ಕವರ್ ಹಿಡಿದು ಓಡಿ ಬರುತ್ತಾರೆ. ಮಾರನೇ ದಿನ ಇಂಗ್ಲಿಷ್ ಪೇಪರ್‌ನಲ್ಲಿ ಇದು ‘ಇಲೆವೆಂತ್ ಅವರ್’ ಬಿ ಫಾರಂ. ತಮಾಷೆ ನೋಡಿ, ಅಲ್ಲಿ ಗಡಿಯಾರದ ಹನ್ನೊಂದು ಗಂಟೆ ಅಂದ್ರೆ ಕೆಲಸ ಶುರುವಾಗುವ ಹೊತ್ತು. ಇಂಗ್ಲಿಷ್ ಮಾತಿನ ಹನ್ನೊಂದನೇ ಗಂಟೆ ಬರೋದು ಮೂರರ ಹತ್ತಿರ.

ಈಗ ನಿಮ್ಮ ಅಕೌಂಟೆಂಟ್ ಹೇಳಿದ ರಾತ್ರಿ ಹನ್ನೊಂದರ ವಿಚಾರ. ಕೇಳೋಕೆ ಚೆನ್ನಾಗಿದೆ, ತರ್ಕವೂ ಇದೆ, ಬಹಳ ಜನ ಹಾಗೇ ನಂಬಿದ್ದಾರೆ. ಆದರೆ ತಪ್ಪು. ಈ ಮಾತು ಹುಟ್ಟಿದ ಕಾಲದಲ್ಲಿ ದಿನದ ಲೆಕ್ಕ ಹೀಗಿರಲಿಲ್ಲ.

ಮಾತು ಬಂದಿರೋದು ಬೈಬಲ್‌ನಿಂದ, ಹೊಸ ಒಡಂಬಡಿಕೆಯ ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದಿಂದ. ಅಲ್ಲಿ ಯೇಸು ಒಂದು ಕಥೆ ಹೇಳುತ್ತಾನೆ. ಒಬ್ಬ ದ್ರಾಕ್ಷಿ ತೋಟದ ಯಜಮಾನ. ಬೆಳಿಗ್ಗೆ ಎದ್ದು ಪೇಟೆಗೆ ಹೋಗಿ ಆಳು ಕರೆದುಕೊಂಡು ಬರುತ್ತಾನೆ, ದಿನಕ್ಕೆ ಒಂದು ದಿನಾರಿ ನಾಣ್ಯ ಕೂಲಿ ಅಂತ ಮಾತಾಗುತ್ತೆ. ಮೂರನೇ ತಾಸಿಗೆ ಮತ್ತೆ ಹೋಗುತ್ತಾನೆ, ಇನ್ನಷ್ಟು ಜನ ನಿಂತಿರುತ್ತಾರೆ, ಅವರನ್ನೂ ಕರೀತಾನೆ. ಆರನೇ ತಾಸಿಗೆ, ಒಂಬತ್ತನೇ ತಾಸಿಗೆ, ಹೀಗೆ. ಕೊನೆಗೆ ಹನ್ನೊಂದನೇ ತಾಸಿಗೆ ಹೋದರೆ ಆಗಲೂ ಕೆಲವರು ಸುಮ್ನೆ ನಿಂತಿದ್ದಾರೆ. ಯಾಕ್ರಪ್ಪಾ ಇಡೀ ದಿನ ಹೀಗೇ ನಿಂತಿದ್ದೀರಿ ಅಂದರೆ, ನಮ್ಮನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ ಅಂತಾರೆ. ಸರಿ ನೀವೂ ಬನ್ನಿ ಅಂತಾನೆ. ಹೊತ್ತು ಮುಳುಗಿದ ಮೇಲೆ ಬಟವಾಡೆ. ಕೊನೆಗೆ ಬಂದವರಿಂದ ಶುರು. ಒಂದೇ ತಾಸು ದುಡಿದವರ ಕೈಗೂ ಪೂರ್ತಿ ಒಂದು ದಿನಾರಿ! ಬೆಳಿಗ್ಗೆಯಿಂದ ಬಿಸಿಲಲ್ಲಿ ಬೆಂದವರಿಗೆ ಆಸೆ ಹುಟ್ಟುತ್ತೆ, ನಮಗೆ ಜಾಸ್ತಿ ಬರಬಹುದು ಅಂತ. ಅವರಿಗೂ ಅಷ್ಟೇ ಬರುತ್ತೆ. ಗಲಾಟೆ ಆಗುತ್ತೆ. ನಿಮ್ಮ ಜೊತೆ ಮಾತಾಗಿದ್ದನ್ನು ಕೊಟ್ಟಿದ್ದೀನಲ್ಲ, ನನ್ನ ದುಡ್ಡು ನಾನು ಯಾರಿಗೆ ಎಷ್ಟಾದರೂ ಕೊಡ್ತೀನಿ ಅಂತಾನೆ ಯಜಮಾನ. ಧರ್ಮದ ಅರ್ಥ ಬೇರೆ ಇದೆ, ಅದು ಪಾದ್ರಿಗಳ ಕೆಲಸ. ನಮಗೆ ಬೇಕಾದದ್ದು ತಾಸಿನ ಲೆಕ್ಕ.

ಆ ಕಾಲದ ಯಹೂದಿಗಳೂ ರೋಮನ್ನರೂ ಹಗಲನ್ನು ಹನ್ನೆರಡು ಪಾಲು ಮಾಡುತ್ತಿದ್ದರು. ಹೊತ್ತು ಹುಟ್ಟಿದಾಗಿಂದ ಎಣಿಕೆ ಶುರು, ಹೊತ್ತು ಮುಳುಗಿದರೆ ಹನ್ನೆರಡು ಮುಗೀತು. ಮೂರನೇ ತಾಸು ಅಂದ್ರೆ ನಮ್ಮ ಒಂಬತ್ತು ಗಂಟೆ ಹತ್ತಿರ. ಆರನೆಯದು ನಡುಮಧ್ಯಾಹ್ನ. ಒಂಬತ್ತನೆಯದು ಮೂರು ಗಂಟೆ. ಹನ್ನೊಂದನೆಯದು ಸಂಜೆ ಐದು. ಇನ್ನೊಂದೇ ತಾಸು ಬೆಳಕಿದೆ, ಆಮೇಲೆ ಕೆಲಸವೂ ಇಲ್ಲ, ಕೂಲಿಯೂ ಇಲ್ಲ. ‘ಕೊನೇ ಗಳಿಗೆ’ ಅನ್ನೋ ಅರ್ಥ ಅಲ್ಲಿಂದ ಬಂತು. ಈ ತಾಸು 60 ನಿಮಿಷವೇ ಇರಬೇಕು ಅಂತೇನೂ ಇರಲಿಲ್ಲ. ಆ ಸೀಮೆಯಲ್ಲಿ ಬೇಸಿಗೆಯ ಹಗಲು ಸುಮಾರು 14 ಗಂಟೆ, ಚಳಿಗಾಲದ್ದು 10 ಗಂಟೆ. ಹನ್ನೆರಡರಿಂದ ಭಾಗಿಸಿ ನೋಡಿ, ಬೇಸಿಗೆಯ ಒಂದು ತಾಸಿಗೆ 70 ನಿಮಿಷ, ಚಳಿಗಾಲದಲ್ಲಿ 50 ನಿಮಿಷ.

ಇದು ನಮ್ಮ ಕಡೆಯವರಿಗೆ ಅರ್ಥ ಆಗದ ವಿಷಯವೇ ಅಲ್ಲ. ರಾಯಚೂರು ಕಡೆ ಹತ್ತಿ ಬಿಡಿಸೋ ಹೊತ್ತಿನಲ್ಲಿ ಹೊಲದ ಬದುವಿನ ಮೇಲೆ ಸಂಜೆ ಹೋಗಿ ನಿಂತು ನೋಡಿ. ಹೆಣ್ಣಾಳುಗಳು ಉಡಿಯಲ್ಲಿದ್ದ ಹತ್ತಿಯನ್ನು ಗಂಟಿಗೆ ಸುರಿಯುತ್ತಾ, ಒಂದು ಕೈ ಹಣೆಗೆ ಅಡ್ಡ ಹಿಡಿದು ಹೊತ್ತು ಎಷ್ಟು ಉಳಿದಿದೆ ಅಂತ ನೋಡುತ್ತಿರುತ್ತಾರೆ, ಟಂಟಂ ಡ್ರೈವರ್ ದಾರಿಯಲ್ಲಿ ಹಾರ್ನ್ ಹೊಡೀತಿರುತ್ತಾನೆ, ಹೊಲದವನು ಮಾತ್ರ ಇನ್ನೊಂದು ಸಾಲು ಮುಗಿಸಿ ಅಂತಿರುತ್ತಾನೆ. ಅದೇ ಹನ್ನೊಂದನೇ ತಾಸು. ನಮ್ಮ ಮಾತಿನಲ್ಲಿ ಇನ್ನೊಂದು ಅನುಕೂಲವೂ ಇದೆ. ನಾವು ‘ಗಂಟೆ’ ಅನ್ನೋದನ್ನೂ ‘ತಾಸು’ ಅನ್ನೋದನ್ನೂ ಬೇರೆ ಇಟ್ಟುಕೊಂಡಿದ್ದೇವೆ. ಹನ್ನೊಂದು ಗಂಟೆಗೆ ಬಂದ ಅಂದ್ರೆ ಗಡಿಯಾರದ ಹೊತ್ತು, ಹನ್ನೊಂದು ತಾಸು ದುಡಿದ ಅಂದ್ರೆ ಹೊತ್ತಿನ ಉದ್ದ. ಇಂಗ್ಲಿಷ್‌ನಲ್ಲಿ ‘ಅವರ್’ ಅನ್ನೋ ಒಂದೇ ಪದ ಎರಡಕ್ಕೂ ಓಡಾಡುತ್ತೆ. ನೀವು ಎಡವಿದ್ದು ಅಲ್ಲೇ. ‘ಇಲೆವೆಂತ್ ಅವರ್’ ಅನ್ನೋದನ್ನು ಹನ್ನೊಂದು ಗಂಟೆ ಅಂತ ಓದಿದ್ದೀರಿ. ಹನ್ನೊಂದನೇ ತಾಸು ಅಂತ ಓದಿದ್ದರೆ ಯಾವಾಗಿನಿಂದ ಎಣಿಸಿ ಹನ್ನೊಂದು ಅನ್ನೋ ಪ್ರಶ್ನೆ ತಾನಾಗೇ ಬರುತ್ತಿತ್ತು.

ಇಲ್ಲಿ ಒಂದು ಮಾತು, ವಿಷಯಕ್ಕೆ ಸ್ವಲ್ಪ ಆಚೆಯದು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಅನ್ನುವವರು 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ, ಬೈಬಲನ್ನು ಕನ್ನಡಕ್ಕೆ ತರುವ ಕೆಲಸ ಮಾಡಿದರು. ಅಂದ್ರೆ ಈ ಹನ್ನೊಂದನೇ ತಾಸಿನ ಕಥೆಗೆ ನಮ್ಮ ಊರಿನ ನಂಟು ಹೊಸದಲ್ಲ. ಇಂಗ್ಲಿಷರ ಮನೆಮನೆಗೆ ಈ ಮಾತು ಹೋಗಿದ್ದು ಅವರ ಬೈಬಲ್‌ನಿಂದ. ಅದರಲ್ಲಿ ಬಹಳ ಹೆಸರಾದದ್ದು 1611ರ ಕಿಂಗ್ ಜೇಮ್ಸ್ ಅನುವಾದ. ಭಾನುವಾರ ಭಾನುವಾರ ಚರ್ಚಿನಲ್ಲಿ ಕೇಳಿ ಕೇಳಿ ದಿನದ ಮಾತಿಗೂ ಬಂದುಬಿಟ್ಟಿತು.

ಇಸವಿ ಗೊತ್ತಾಯಿತಲ್ಲ, ನಿಮ್ಮ ಭಾವನವರ ಮಾತಿಗೂ ಉತ್ತರ ಸಿಕ್ಕಿತು. ಅವರು ಹೇಳೋದು ಸುಳ್ಳಲ್ಲ. ಮೊದಲನೇ ಮಹಾಯುದ್ಧದ ಕದನ ವಿರಾಮ ಜಾರಿಗೆ ಬಂದದ್ದು 1918ರ ನವೆಂಬರ್ 11ರ ಬೆಳಿಗ್ಗೆ 11ಕ್ಕೆ. ಹನ್ನೊಂದನೇ ತಿಂಗಳು, ಹನ್ನೊಂದನೇ ದಿನ, ಹನ್ನೊಂದನೇ ಗಂಟೆ. ಸಹಿ ಬಿದ್ದದ್ದು ಫ್ರಾನ್ಸ್‌ನ ಕಾಂಪಿಯೆನ್ ಕಾಡಿನಲ್ಲಿ, ಒಂದು ರೈಲ್ವೆ ಬೋಗಿಯಲ್ಲಿ, ಅವತ್ತು ಬೆಳಗಿನ ಜಾವ. ಇವತ್ತಿಗೂ ಬ್ರಿಟನ್ನಿನಲ್ಲಿ, ಆಸ್ಟ್ರೇಲಿಯಾದಲ್ಲಿ ಆ ಹೊತ್ತಿಗೆ ಜನ ಮೌನವಾಗಿ ನಿಲ್ಲುತ್ತಾರೆ. ಹಾಗಾಗಿ ಮಿಲಿಟರಿಯವರಿಗೆ ಅದು ನೆನಪಿಗೆ ಬರೋದು ಸಹಜ. ಆದರೆ 1611 ಎಲ್ಲಿ, 1918 ಎಲ್ಲಿ? ಮಾತು ಮೊದಲೇ ಇತ್ತು, ಯುದ್ಧ ಆಮೇಲೆ ಬಂತು. ಆ ಒಂದು ಸಂದರ್ಭದಲ್ಲಿ ಮಾತ್ರ ‘ಇಲೆವೆಂತ್ ಅವರ್’ ಅಂದ್ರೆ ನಿಜವಾಗಿ ಗಡಿಯಾರದ ಹನ್ನೊಂದು.

ಹಾಗಾದ್ರೆ ನಮ್ಮವರು ಯಾಕೆ ಇದನ್ನು ಹನ್ನೊಂದು ಗಂಟೆ ಅಂದುಕೊಳ್ಳುತ್ತಾರೆ? ಬಳ್ಳಾರಿಯಲ್ಲಿ ನಾನು ಕೆಲಸದಲ್ಲಿರುವವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಜೀನ್ಸ್ ಯೂನಿಟ್‌ನವರು, ಟ್ರಾನ್ಸ್‌ಪೋರ್ಟ್ ಆಫೀಸಿನವರು, ಬ್ಯಾಂಕಿನವರು ಬರುತ್ತಾರೆ. ಈ ತಪ್ಪು ನಿಮ್ಮೊಬ್ಬರದ್ದಲ್ಲ. ಕಾರಣ ನನಗೆ ಕಾಣೋದು ಇದು: ನಮ್ಮ ಆಫೀಸುಗಳ ಸುತ್ತೋಲೆಯಲ್ಲಿ ‘ಅಟ್ 11.00 ಅವರ್ಸ್’ ಅಂತ ಇರುತ್ತೆ. ರೈಲ್ವೆಯವರದ್ದೂ 24 ಗಂಟೆಯ ಲೆಕ್ಕ, 11.00, 15.30, 22.45 ಅಂತ. ಅದನ್ನು ನೋಡಿ ನೋಡಿ ‘ಅವರ್’ ಸೇರಿಸಿದರೆ ಆಫೀಸಿನ ಗತ್ತು ಬರುತ್ತೆ ಅಂತ ತಲೆಯಲ್ಲಿ ಕೂತುಬಿಡುತ್ತೆ. ‘ಇಲೆವೆನ್ ಓ ಕ್ಲಾಕ್’ ಅನ್ನೋದು ಚಿಕ್ಕ ಮಕ್ಕಳ ಪಾಠದ ಥರ ಕಾಣುತ್ತೆ, ‘ಇಲೆವೆಂತ್ ಅವರ್’ ಅನ್ನೋದು ದೊಡ್ಡವರ ಇಂಗ್ಲಿಷ್ ಥರ. ಹನ್ನೊಂದು ಗಂಟೆಗೆ ಬೇರೆ ಯಾವ ಗತ್ತೂ ಬೇಡ. ‘ಅಟ್ ಇಲೆವೆನ್’, ‘ಅಟ್ 11 ಎ.ಎಂ.’, ಮುಗೀತು.

ತಂಗಿ ಹೇಳಿದ ‘ನಿಕ್ ಆಫ್ ಟೈಮ್’ ವಿಚಾರಕ್ಕೆ ಬರೋಣ. ಇದರಲ್ಲಿ ಸ್ವಲ್ಪ ಕೂತು ನೋಡಬೇಕಾದ್ದು ಇದೆ, ಯಾಕಂದ್ರೆ ಗೈಡ್‌ಗಳಲ್ಲಿ ಎರಡಕ್ಕೂ ‘ಕೊನೇ ಕ್ಷಣದಲ್ಲಿ’ ಅಂತ ಒಂದೇ ಅರ್ಥ ಬರೆದು ಕೈ ತೊಳೆದುಕೊಂಡಿರುತ್ತಾರೆ. ನಿಕ್ ಅಂದ್ರೆ ಸಣ್ಣ ಕಚ್ಚು, ಕೋಲಿನ ಮೇಲೆ ಚಾಕುವಿನಿಂದ ಗುರುತಿಗೆ ಹಾಕ್ತೀವಲ್ಲ, ಅದು. ಸರಿಯಾಗಿ ಆ ಗುರುತಿನ ಮೇಲೇ ಬಂದು ನಿಂತ ಅನ್ನೋ ಭಾವ. ಇನ್ನೊಂಚೂರು ತಡ ಆಗಿದ್ದರೆ ಕೆಟ್ಟದ್ದು ಆಗಿಹೋಗುತ್ತಿತ್ತು, ಆದರೆ ಆಗಲಿಲ್ಲ, ಬಚಾವಾದೆವು. ಈ ಬಚಾವಾಗೋದು ನಿಕ್ ಆಫ್ ಟೈಮ್‌ನಲ್ಲಿ ಇರಲೇಬೇಕು. ಇಲೆವೆಂತ್ ಅವರ್‌ನಲ್ಲಿ ಬಚಾವಾಗಲೂಬಹುದು, ಆಗದೇನೂ ಇರಬಹುದು, ಕೆಲಸ ಆಯ್ತೋ ಇಲ್ಲವೋ ಅನ್ನೋದನ್ನು ಆ ಮಾತು ಹೇಳೋದೇ ಇಲ್ಲ.

2024ರ ಆಗಸ್ಟ್ ನೆನಪಿದೆಯಲ್ಲ? ನಿಮ್ಮ ಮಿಲ್‌ಗೆ ಬರೋ ಭತ್ತವೇ ಆ ನೀರಿನದು, ಮರೆಯೋ ಹಾಗಿಲ್ಲ. 10ನೇ ತಾರೀಖು ರಾತ್ರಿ ತುಂಗಭದ್ರಾ ಡ್ಯಾಂನ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿಕೊಂಡು ಹೋಯಿತು. ತುಂಬಿದ ಡ್ಯಾಂ. ಆಗಷ್ಟೇ ನಾಟಿ ಮಾಡಿದವರು, ಸಸಿ ಬಿಟ್ಟುಕೊಂಡು ಕೂತವರು, ಕೊಪ್ಪಳ ರಾಯಚೂರು ಬಳ್ಳಾರಿ ಮೂರೂ ಕಡೆ ರೈತರ ಎದೆ ಹೊಡೆದುಕೊಳ್ಳುತ್ತಿತ್ತು. ಕ್ರೆಸ್ಟ್ ಗೇಟ್ ತಜ್ಞ ಕನ್ಹಯ್ಯ ನಾಯ್ಡು ಬಂದು, ವಾರದೊಳಗೆ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ (ಗೇಟಿನ ಜಾಗಕ್ಕೆ ತಾತ್ಕಾಲಿಕವಾಗಿ ಇಳಿಸುವ ತಡೆ) ಇಳಿಸಿ ನೀರು ನಿಲ್ಲಿಸಿದರು. ಇದನ್ನು ಇಂಗ್ಲಿಷ್‌ನಲ್ಲಿ ಹೇಳೋದಾದ್ರೆ ‘ಇನ್ ದ ನಿಕ್ ಆಫ್ ಟೈಮ್’. ಅನಾಹುತ ಬಂತು, ಹೊತ್ತಿಗೆ ಸರಿಯಾಗಿ ತಪ್ಪಿತು. ಅದೇ, ಕಾಲುವೆಗೆ ನೀರು ಬಿಡೋಕೆ ನಾಲ್ಕು ದಿನ ಇದೆ ಅನ್ನುವಾಗ ಹೂಳು ತೆಗೆಯೋಕೆ ಟೆಂಡರ್ ಕರೆದರೆ ಅದು ಇಲೆವೆಂತ್ ಅವರ್. ಕೆಲಸ ಆದರೂ ಆಗಬಹುದು, ಕೊನೇ ಭಾಗದ ರೈತರಿಗೆ ನೀರು ಮುಟ್ಟದೇನೂ ಹೋಗಬಹುದು. ಮಾತಿನ ಒಳಗೆ ಒಂದು ಸಣ್ಣ ದೂರು ಇದೆ, ಇಷ್ಟು ದಿನ ಏನು ಮಾಡ್ತಿದ್ರಿ ಅನ್ನೋ ದೂರು. ನಾವು ‘ಯುದ್ಧಕಾಲೇ ಶಸ್ತ್ರಾಭ್ಯಾಸ’ ಅಂತ ಮೂಗು ಮುರೀತೀವಲ್ಲ, ಅದರ ಹತ್ತಿರಕ್ಕೆ ಬರುತ್ತೆ. ಎಲ್ಲ ಮುಗಿದ ಮೇಲೆ ಎಚ್ಚರ ಆದರೆ ಅದು ಇಲೆವೆಂತ್ ಅವರ್ ಅಲ್ಲ, ಅದು ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಕಥೆ. ಇಲೆವೆಂತ್ ಅವರ್‌ನಲ್ಲಿ ಇನ್ನೂ ಒಂದು ತಾಸು ಬೆಳಕಿರಬೇಕು.

ಮೂಲ ಕಥೆಯಲ್ಲಿ ಈ ದೂರು ಇರಲಿಲ್ಲ ಅನ್ನೋದು ನನಗೆ ಇಷ್ಟವಾಗುವ ವಿಷಯ. ತಡವಾಗಿ ಬಂದ ಆಳುಗಳು ಸೋಮಾರಿಗಳಲ್ಲ, ಅವರನ್ನು ಯಾರೂ ಕರೆದಿರಲಿಲ್ಲ. ತಡ ಆದರೂ ಪೂರ್ತಿ ಕೂಲಿ ಸಿಕ್ಕಿತು. ಬಳಸ್ತಾ ಬಳಸ್ತಾ ಮಾತು ಕಹಿಯಾಯಿತು. ಈಗಲೂ ‘ಇಲೆವೆಂತ್ ಅವರ್’ ಒಪ್ಪಂದ, ‘ಇಲೆವೆಂತ್ ಅವರ್’ ಸಹಾಯ ಅನ್ನುವಾಗ ಸ್ವಲ್ಪ ಒಳ್ಳೇ ಅರ್ಥ ಉಳಿದಿದೆ. ಆದರೆ ವ್ಯಾಪಾರದ ಮೇಲ್‌ನಲ್ಲಿ ಅದು ಹೆಚ್ಚಾಗಿ ಗೊಣಗಾಟವೇ.

ತಂಗಿಗೆ ಪರೀಕ್ಷೆಗೆ ಬೇಕಾಗುವಷ್ಟು ಹೇಳಿಬಿಡ್ತೀನಿ. ಇಲೆವೆಂತ್ ಅವರ್‌ಗೆ ಕೊಟ್ಟಿರುವ ಆಯ್ಕೆಗಳಲ್ಲಿ ‘ಕೊನೇ ಕ್ಷಣ’ದ ಅರ್ಥದ್ದು ಸರಿ, ಗಂಟೆ ಹೇಳುವ ಆಯ್ಕೆ ಬಲೆ. ಬರೆಯುವಾಗ ‘ಅಟ್ ದ ಇಲೆವೆಂತ್ ಅವರ್’, ನಡುವಿನ ‘ದ’ ಬಿಡಬಾರದು. ನಿಮ್ಮ ಮೇಲ್‌ನಲ್ಲಿ ಅದೂ ಬಿಟ್ಟಿತ್ತು. ‘ಇಲೆವೆನ್ ಅವರ್’ ಅಲ್ಲ, ‘ಟ್ವೆಲ್ತ್ ಅವರ್’ ಅಂತ ಜೋರು ಮಾಡಿ ಹೇಳೋಕೂ ಆಗಲ್ಲ. ನಿಕ್ ಜೊತೆ ‘ಅಟ್’ ಬರಲ್ಲ, ‘ಇನ್’ ಬರುತ್ತೆ. ‘ಜಸ್ಟ್’ ಸೇರಿಸಿದರೆ ಇನ್ನೂ ಚೆನ್ನ. ಇದರ ಜೊತೆಗೇ ‘ಆನ್ ಟೈಮ್’, ‘ಇನ್ ಟೈಮ್’ ಕೂಡ ಕೇಳುತ್ತಾರೆ: ಹುಬ್ಬಳ್ಳಿ ಗಾಡಿ ಹೇಳಿದ ಹೊತ್ತಿಗೆ ಸರಿಯಾಗಿ ಕೊಪ್ಪಳಕ್ಕೆ ಬಂದರೆ ಗಾಡಿ ‘ಆನ್ ಟೈಮ್’, ಗಾಡಿ ಹೊರಡುವ ಮೊದಲೇ ನೀವು ಪ್ಲಾಟ್‌ಫಾರ್ಮ್ ಮುಟ್ಟಿದರೆ ನೀವು ‘ಇನ್ ಟೈಮ್’.

ಇನ್ನು ಬಳಸಬೇಕಾ, ಬಿಡಬೇಕಾ ಅನ್ನೋ ಪ್ರಶ್ನೆ. ನನ್ನ ಅಭಿಪ್ರಾಯ ನೇರ ಇದೆ: ಮಾಲು, ದುಡ್ಡು, ತಾರೀಖು ಇರುವ ಯಾವ ಬರಹದಲ್ಲೂ ಇಂಥ ಮಾತು ಬೇಡ. ಬೇರೆಯವರು ಬರೆದಾಗ ಅರ್ಥ ಆದರೆ ಸಾಕು. ನಾಳೆ ಆ ಪಾರ್ಟಿಯೇ ‘ನೋ ಇಲೆವೆಂತ್ ಅವರ್ ಚೇಂಜಸ್ ಪ್ಲೀಸ್’ ಅಂತ ಬರೆಯಬಹುದು. ಲೋಡ್ ಹೊರಡೋ ಹೊತ್ತಿಗೆ ಬ್ರಾಂಡ್ ಬದಲಾಯಿಸಬೇಡಿ, ಚೀಲದ ತೂಕ ಬದಲಾಯಿಸಬೇಡಿ ಅಂತ ಅರ್ಥ. ಹನ್ನೊಂದು ಗಂಟೆಗೆ ಬದಲಾಯಿಸಬೇಡಿ, ಹತ್ತಕ್ಕೆ ಬದಲಾಯಿಸಬಹುದು ಅಂತಲ್ಲ! ಇಂಗ್ಲಿಷ್ ಚೆನ್ನಾಗಿ ಬರುತ್ತೆ ಅಂತ ತೋರಿಸೋಕೆ ಇಡಿಯಂ, ಅಂದ್ರೆ ಇಂಥ ನುಡಿಗಟ್ಟು, ಬೇಕು ಅನ್ನೋ ನಂಬಿಕೆ ಒಂದಿದೆ, ಕೋಚಿಂಗ್‌ನವರು ಅದನ್ನು ಚೆನ್ನಾಗಿ ಮಾರುತ್ತಾರೆ. ಗಿರಾಕಿಗೆ ಬೇಕಿರೋದು ಲಾರಿ ಯಾವಾಗ ಬರುತ್ತೆ ಅನ್ನೋದು. ಚೆನ್ನೈನ ಆ ಪಾರ್ಟಿಗೂ ಇಂಗ್ಲಿಷ್ ಎರಡನೇ ಭಾಷೆಯೇ ಅಲ್ವಾ? ಇಬ್ಬರಿಗೂ ಮನೆ ಮಾತಲ್ಲದ ಭಾಷೆಯಲ್ಲಿ ಇಡಿಯಂ ಬಳಸಿದರೆ ಒಬ್ಬರು ತಪ್ಪು ತಿಳ್ಕೊಳ್ಳೋಕೆ ಎರಡೆರಡು ಅವಕಾಶ.

ಇಂಟರ್‌ವ್ಯೂನಲ್ಲಿ ಬಳಸಬಹುದು, ಆದರೆ ನಿಮ್ಮ ಬಗ್ಗೆಯೇ ಬಳಸುವಾಗ ಹುಷಾರು. ‘ಐ ಫಿನಿಶ್ ಮೈ ವರ್ಕ್ ಅಟ್ ದ ಇಲೆವೆಂತ್ ಅವರ್’ ಅಂದರೆ ಕೊನೇ ತನಕ ಎಳೆದಾಡೋ ಮನುಷ್ಯ ಅಂತ ನೀವೇ ಒಪ್ಪಿಕೊಂಡ ಹಾಗೆ. ಎದುರಿಗಿರೋರು ನಕ್ಕು ಮುಂದಿನವರನ್ನು ಕರೀತಾರೆ. ‘ದ ಬಯರ್ ಚೇಂಜ್ಡ್ ದ ಆರ್ಡರ್ ಅಟ್ ದ ಇಲೆವೆಂತ್ ಅವರ್, ಬಟ್ ವಿ ಮ್ಯಾನೇಜ್ಡ್’ ಅಂದರೆ ಮಾತು ಸರಿ, ನಿಮ್ಮ ಮಾನವೂ ಉಳಿಯುತ್ತೆ.

ಈಗ ಆ ಪಾರ್ಟಿ. ನಿಮ್ಮ ಮುಂದೆ ಮೂರ್ನಾಲ್ಕು ದಾರಿ ಇವೆ. ಸುಮ್ನೆ ಇದ್ದುಬಿಡಬಹುದು, ಲಾರಿ ಸರಿಯಾದ ಹೊತ್ತಿಗೆ ಹೋಗಿದೆ, ಅವರಿಗೂ ಗೊತ್ತು. ಆದರೆ ಸುಮ್ಮನಿದ್ದರೆ ಅವರ ಫೋನಿನಲ್ಲಿ ಆ ವಾಕ್ಯ ಹಾಗೇ ಉಳಿಯುತ್ತೆ, ಮುಂದೆ ಯಾವತ್ತಾದರೂ ನಿಜವಾಗಿ ತಡವಾದರೆ ಮೊದಲಿಂದಲೂ ಇವರು ಹೀಗೇ ಅಂತ ಅದನ್ನೇ ತೆಗೆದು ತೋರಿಸುತ್ತಾರೆ. ಉದ್ದದ ಕ್ಷಮೆ ಕೇಳುವ ಮೇಲ್ ಬರೆಯಬಹುದು. ಅದು ಬೇಡವೇ ಬೇಡ ಅನ್ನೋದು ನನ್ನ ಸಲಹೆ, ಅವರು ಮರೆತಿದ್ದರೂ ನೀವೇ ನೆನಪಿಸಿದ ಹಾಗಾಗುತ್ತೆ, ಬೈಬಲ್ ಕಥೆ ಸಮೇತ ವಿವರಣೆ ಕೊಟ್ಟರಂತೂ ಇನ್ನೂ ಗೋಜಲು. ಮಾಲೀಕರಿಂದ ಒಂದು ಫೋನ್ ಮಾಡಿಸಬಹುದು, ಹಳೇ ಸಂಬಂಧ ಇದ್ದರೆ ಇದು ಒಳ್ಳೇದು, ಮಾಲೀಕರೇ ಮಾತಾಡಿದರು ಅನ್ನೋದಕ್ಕೆ ವ್ಯಾಪಾರದಲ್ಲಿ ಬೆಲೆ ಇದೆ. ತೊಂದರೆ ಏನಂದ್ರೆ, ಮಾತು ರೇಟಿನ ಕಡೆ ತಿರುಗಿ, ಸಿಟ್ಟಾಗಿದ್ದಾರೆ ಅನ್ನೋ ದಾಕ್ಷಿಣ್ಯಕ್ಕೆ ಮಾಲೀಕರು ರೇಟು ಇಳಿಸಿಬಿಟ್ಟಾರು.

ನಾನು ನಿಮ್ಮ ಜಾಗದಲ್ಲಿದ್ದರೆ ಮುಂದಿನ ರೇಟ್ ಲಿಸ್ಟ್ ಕಳಿಸುವಾಗ ಮೇಲೆ ಎರಡೇ ಸಾಲು ಹಾಕುತ್ತಿದ್ದೆ: ‘ಸರ್, ಇನ್ ಮೈ ಲಾಸ್ಟ್ ಮೆಸೇಜ್ ಐ ಮೆಂಟ್ 11 ಎ.ಎಂ. ದ ಲಾರಿ ರೀಚ್ಡ್ ಯು ಅಟ್ 11 ಎ.ಎಂ. ಆನ್ ಥರ್ಸ್‌ಡೇ ಆಸ್ ಪ್ಲ್ಯಾನ್ಡ್.’ ಸಾರಿ ಕೂಡ ಬೇಕಿಲ್ಲ. ಹೊತ್ತಿಗೆ ಸರಿಯಾಗಿ ಕೊಟ್ಟಿದ್ದೇವೆ ಅನ್ನೋದು ಅದರಲ್ಲೇ ಬಂತು. ಕೆಳಗೆ ರೇಟು. ಅಂದ ಹಾಗೆ, ಆರ್ಡರ್ ಬರದಿರೋಕೆ ಆ ಒಂದು ವಾಕ್ಯವೇ ಕಾರಣ ಅಂತ ನಿದ್ದೆ ಕೆಡಿಸಿಕೊಳ್ಳಬೇಡಿ. ಹೊಸ ಅಂಗಡಿ, ಮೊದಲ ಲೋಡೇ ಇನ್ನೂ ಖಾಲಿಯಾಗಿರಲಿಕ್ಕಿಲ್ಲ. ಬೇರೆ ಮಿಲ್‌ನವರು ಕ್ವಿಂಟಲ್‌ಗೆ ಸ್ವಲ್ಪ ಕಡಿಮೆ ಹೇಳಿರಬಹುದು. ಕೇಳಿ ತಿಳ್ಕೊಳ್ಳಿ, ಊಹೆ ಮಾಡ್ತಾ ಕೂರಬೇಡಿ.

ನಿಮ್ಮಂಥವರ ಮೇಲ್‌ಗಳಲ್ಲಿ ಇಡಿಯಂಗಿಂತ ಜಾಸ್ತಿ ಜಗಳ ತರೋದು ಸಣ್ಣ ಪದಗಳು, ಅದನ್ನೂ ಹೇಳದೆ ಬಿಟ್ಟರೆ ಈ ಉತ್ತರ ಅರ್ಧ ಆಗುತ್ತೆ. ಶುಕ್ರವಾರದೊಳಗೆ ಕಳಿಸ್ತೀನಿ ಅನ್ನೋದಕ್ಕೆ ನಮ್ಮವರು ‘ಐ ವಿಲ್ ಸೆಂಡ್ ಟಿಲ್ ಫ್ರೈಡೇ’ ಅಂತ ಬರೆಯುತ್ತಾರೆ. ಅದರ ಅರ್ಥ ಶುಕ್ರವಾರದ ತನಕ ಕಳಿಸ್ತಾನೇ ಇರ್ತೀನಿ ಅಂತ. ಅಲ್ಲಿ ‘ಬೈ ಫ್ರೈಡೇ’ ಬರಬೇಕು. ‘ಇನ್ ಟು ಡೇಸ್’ ಅಂದ್ರೆ ಹೆಚ್ಚಾಗಿ ಎರಡು ದಿನ ಕಳೆದ ಮೇಲೆ ಅಂತ ತಿಳ್ಕೊಳ್ಳುತ್ತಾರೆ, ಎರಡು ದಿನದ ಒಳಗೆ ಅನ್ನೋದಕ್ಕೆ ‘ವಿದಿನ್ ಟು ಡೇಸ್’. ‘ನೆಕ್ಸ್ಟ್ ಫ್ರೈಡೇ’ ಅನ್ನೋದನ್ನಂತೂ ಇಂಗ್ಲಿಷ್ ಮನೆ ಮಾತಾಗಿರೋರೇ ಒಬ್ಬೊಬ್ಬರು ಒಂದೊಂದು ಥರ ಅರ್ಥ ಮಾಡಿಕೊಳ್ಳುತ್ತಾರೆ, ಈ ಶುಕ್ರವಾರವೋ ಬರೋ ವಾರದ್ದೋ ಅಂತ. ತಾರೀಖು ಹಾಕಿಬಿಡಿ. ತಾರೀಖನ್ನೂ ಬರೀ ಅಂಕಿಯಲ್ಲಿ ಬರೆಯಬೇಡಿ, ಅಮೆರಿಕದ ಲೆಕ್ಕದಲ್ಲಿ ತಿಂಗಳು ಮೊದಲು ಬರುತ್ತೆ, ಎಕ್ಸ್‌ಪೋರ್ಟ್ ಪಾರ್ಟಿ ಸಿಕ್ಕರೆ ಅಲ್ಲಿ ಎಡವಟ್ಟಾಗುತ್ತೆ. ತಿಂಗಳ ಹೆಸರು ಅಕ್ಷರದಲ್ಲಿರಲಿ.

ಮುಂದಿನ ಲೋಡ್ ಹೊರಟಾಗ ವಾಟ್ಸಾಪ್‌ನಲ್ಲಿ ಇಷ್ಟು ಕಳಿಸಿ: ಲಾರಿ ನಂಬರ್, ಡ್ರೈವರ್ ಮೊಬೈಲ್, ಎಷ್ಟು ಚೀಲ, ಮಿಲ್ ಬಿಟ್ಟ ಹೊತ್ತು, ಆಮೇಲೆ ‘ಎಕ್ಸ್‌ಪೆಕ್ಟೆಡ್ ಬೈ 11 ಎ.ಎಂ.’ ಅಂತ ತಾರೀಖಿನ ಜೊತೆ ಒಂದು ಸಾಲು. ದಾರಿಯಲ್ಲಿ ತಡ ಆಗೋದು ಗೊತ್ತಾದ ತಕ್ಷಣ, ಅವರು ಕೇಳೋದಕ್ಕೆ ಮೊದಲೇ, ಹೊಸ ಹೊತ್ತು ಹಾಕಿ ಇನ್ನೊಂದು ಸಾಲು ಕಳಿಸಿ.